ಉಮ್ಮನ ನಲ್ವತ್ತು ಕಟ್ಟು, ಮಕ್ಕಳ ಮಗ್ಗಿ

ಮೊನ್ನೆ ಉಮ್ಮನನ್ನು ನೋಡಿ ಬರಲು ಊರಿನ ಮನೆಗೆ ಹೋಗಿದ್ದೆ. ಮಗ್ರಿಬ್ ಕಳೆದು ಸ್ವಲ್ಪ ಹೊತ್ತಾಗಿತ್ತು. ಜಗಲಿಯಲ್ಲಿ ತಂಗಿಯ ಮಗ ಮೊಬೈಲ್ ಹಿಡಿದುಕೊಂಡು ಕೂತಿದ್ದ. ನಾಲ್ಕನೇ ತರಗತಿಯ ಹುಡುಗ, ಇಂಗ್ಲಿಷ್ ಮಾಧ್ಯಮ. ಮೊಬೈಲಿನಲ್ಲಿ ಬಣ್ಣ ಬಣ್ಣದ ಆನೆ, ಕರಡಿಗಳು ಕುಣಿಯುತ್ತಾ ಏಳರ ಮಗ್ಗಿ ಹಾಡುತ್ತಿದ್ದವು. ಅವನೂ ಅದೇ ರಾಗದಲ್ಲಿ ಹಾಡುತ್ತಿದ್ದ. ಕೇಳಲು ಚಂದವೇ ಇತ್ತು.

ಹಾಡು ಮುಗಿದ ಮೇಲೆ ಸುಮ್ಮನೆ ಕೇಳಿದೆ, "ಸೆವೆನ್ ಏಯ್ಟ್ಸ್ ಎಷ್ಟು ಮೋನೆ?"

ಹುಡುಗ ಸೆವೆನ್ ವನ್ಸ್‌ನಿಂದ ಶುರು ಮಾಡಿದ. ಅದೇ ರಾಗ. ಸೆವೆನ್ ಸಿಕ್ಸ್ ತನಕ ಬಂದ. ಅಲ್ಲಿ ರಾಗ ತಪ್ಪಿತು. ಪುನಃ ಮೊದಲಿನಿಂದ ಹೊರಟ. ಅಷ್ಟರಲ್ಲಿ ಬಾಗಿಲ ಬಳಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಉಮ್ಮ ತಲೆ ಎತ್ತದೆ ಹೇಳಿದರು, "ಐವತ್ತಾರು."

ಹುಡುಗನಿಗೆ ಆಶ್ಚರ್ಯ. "ನಿಮಗೆ ಹೇಗೆ ಗೊತ್ತು? ನೀವು ಶಾಲೆಗೆ ಹೋಗಲೇ ಇಲ್ಲವಲ್ಲ!"

"ಹೋಗದೆ ಎಂತ? ಮೂರನೇವರೆಗೆ ಹೋಗಿದ್ದೇನೆ" ಎಂದರು ಉಮ್ಮ. ಮತ್ತೆ ನೂಲು ಸುತ್ತುವುದರಲ್ಲಿ ಮುಳುಗಿದರು.

ಹುಡುಗ ನಂಬಲಿಲ್ಲ. ಮೊಬೈಲಿನಲ್ಲಿ ನೋಡಿ ಖಾತ್ರಿ ಮಾಡಿಕೊಂಡ. ಐವತ್ತಾರು ಸರಿಯಾಗಿಯೇ ಇತ್ತು. ಆದರೆ ಅವನಿಗೆ ಇನ್ನೊಂದು ಸಮಸ್ಯೆ. "ಐವತ್ತಾರು ಅಂದರೆ ಫಿಫ್ಟಿ ಸಿಕ್ಸಾ, ಸಿಕ್ಸ್ಟಿ ಫೈವಾ?" ಎಂದು ನನ್ನನ್ನೇ ಕೇಳಿದ.

ಆ ರಾತ್ರಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಇದೇ ಯೋಚನೆ. ಮೂರನೇ ತರಗತಿಯಲ್ಲಿ ಶಾಲೆ ಬಿಟ್ಟ ಉಮ್ಮನಿಗೆ ಬರುವ ಲೆಕ್ಕ, ತಿಂಗಳಿಗೆ ಸಾವಿರಗಟ್ಟಲೆ ಫೀಸು ಕೊಟ್ಟು ಓದಿಸುವ ಮೊಮ್ಮಗನಿಗೆ ಯಾಕೆ ಬರುವುದಿಲ್ಲ? "ಅಂದಿನ ಕಾಲವೇ ಚೆನ್ನಾಗಿತ್ತು, ಇಂದಿನದು ಎಲ್ಲ ಹಾಳು" ಎಂದು ಹೇಳಿ ಮುಗಿಸಿಬಿಡಬಹುದು. ನಮ್ಮ ಮದುವೆ ಮನೆಗಳಲ್ಲಿ, ಹೊಟೇಲಿನ ಚಹಾದ ಮೇಜಿನಲ್ಲಿ ಹಾಗೆಯೇ ಹೇಳುತ್ತೇವೆ. ಆದರೆ ವಿಷಯ ಅಷ್ಟು ಸರಳ ಇಲ್ಲ.

ಆಣೆ, ಪೈ ಮತ್ತು ಮುಕ್ಕಾಲು ಮಗ್ಗಿ

ನಮ್ಮ ಅಜ್ಜಂದಿರು ಶಾಲೆಗೆ ಹೋಗುವಾಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೂ ಹಿಂದಿನವರು ಐಗಳ ಶಾಲೆಯಲ್ಲಿ ಮರಳ ಮೇಲೆ ಬೆರಳಿನಿಂದ ಅಕ್ಷರ ಬರೆದು ಕಲಿತವರು. ಪುಸ್ತಕ ಇಲ್ಲ, ಕಾಗದ ಇಲ್ಲ. ಬಾಯಿಯೇ ಪುಸ್ತಕ. ಒಬ್ಬ ಹೇಳಬೇಕು, ಉಳಿದವರು ಒಟ್ಟಿಗೆ ಒದರಬೇಕು.

ಆ ಮಗ್ಗಿ ಹತ್ತಕ್ಕೆ ನಿಲ್ಲುತ್ತಿರಲಿಲ್ಲ. ಹದಿನಾರು, ಇಪ್ಪತ್ತರವರೆಗೆ ಹೋಗುತ್ತಿತ್ತು. ಅದರ ಮೇಲೆ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ. ಇಂದಿನವರಿಗೆ ಇದು ಮಕ್ಕಳಿಗೆ ಕೊಟ್ಟ ಶಿಕ್ಷೆಯ ಹಾಗೆ ಕಾಣಬಹುದು. ಆದರೆ ಅದಕ್ಕೊಂದು ಕಾರಣ ಇತ್ತು. ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಂದರೆ ಒಂದು ರೂಪಾಯಿಗೆ 192 ಪೈ. ತೂಕ, ಅಳತೆಗೆ ಸೇರು, ರಾತಲು, ಮಣ, ಮುಡಿ.

ನನ್ನ ಅಜ್ಜನಿಗೆ ಸಣ್ಣದೊಂದು ದಿನಸಿ ಅಂಗಡಿ ಇತ್ತು. ಸೇರಿಗೆ 5 ಆಣೆಯ ಸಾಮಾನು ಮೂರು ಮುಕ್ಕಾಲು ಸೇರು ಬೇಕು ಎಂದು ಒಬ್ಬರು ಬಂದು ನಿಂತರೆಂದು ಇಟ್ಟುಕೊಳ್ಳಿ. ಮೂರು ಸೇರಿಗೆ 15 ಆಣೆ. ಮುಕ್ಕಾಲು ಸೇರಿಗೆ 3 ಆಣೆ 9 ಪೈ. ಒಟ್ಟು 18 ಆಣೆ 9 ಪೈ. ಅಂದರೆ 1 ರೂಪಾಯಿ 2 ಆಣೆ 9 ಪೈ. ಇದನ್ನು ತಕ್ಕಡಿ ಇಳಿಸುವುದರೊಳಗೆ ಬಾಯಲ್ಲಿ ಹೇಳಬೇಕಿತ್ತು. ಹನ್ನೆರಡರ ಮಗ್ಗಿ, ಹದಿನಾರರ ಮಗ್ಗಿ, ಮುಕ್ಕಾಲು ಮಗ್ಗಿ ಬಾರದವನಿಗೆ ಅಂಗಡಿಯಲ್ಲಿ ಕೂರಲು ಸಾಧ್ಯವೇ ಇರಲಿಲ್ಲ. ಶಾಲೆಯಲ್ಲಿ ಕಲಿಸಿದ್ದು ಮರುದಿನ ಸಂತೆಯಲ್ಲಿ ಬೇಕಾಗುತ್ತಿತ್ತು.

1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು. ರೂಪಾಯಿಗೆ 100 ಪೈಸೆ ಆಯಿತು. ಮರುವರ್ಷದಿಂದ ಹಂತ ಹಂತವಾಗಿ ಕಿಲೋ, ಲೀಟರ್, ಮೀಟರ್ ಬಂದವು. ಎಲ್ಲ ಲೆಕ್ಕವೂ ಹತ್ತು, ನೂರರ ಮೇಲೆ ನಿಂತ ಮೇಲೆ ಮುಕ್ಕಾಲು ಮಗ್ಗಿಯ ಕೆಲಸ ಮುಗಿಯಿತು. ಮೆಲ್ಲ ಮೆಲ್ಲ ಪುಸ್ತಕದಿಂದಲೂ, ಬಾಯಿಂದಲೂ ಅದು ಹೊರಟು ಹೋಯಿತು. ಉಳಿದದ್ದು ನಮ್ಮ ಕಾಲದ ಎರಡರಿಂದ ಇಪ್ಪತ್ತರ ಮಗ್ಗಿ, ಮತ್ತು ಅದರ ಜೊತೆ ಬೆತ್ತ.

ಬೆತ್ತದ ಮಗ್ಗಿ

ನಾವು ಶಾಲೆಗೆ ಹೋಗುವಾಗ ಬೆಳಿಗ್ಗೆ ಮದ್ರಸ, ಅದು ಬಿಟ್ಟ ಕೂಡಲೇ ಓಡಿ ಮನೆಗೆ ಬಂದು ಗಂಜಿ ಕುಡಿದು ಶಾಲೆ. ಬೆಳಿಗ್ಗೆ ಉಸ್ತಾದರಿಗೆ ಪಾಠ ಒಪ್ಪಿಸಬೇಕು, ಸಂಜೆ ಮಾಷ್ಟ್ರಿಗೆ ಮಗ್ಗಿ ಒಪ್ಪಿಸಬೇಕು. ಎರಡೂ ಕಡೆ ನಿಂತುಕೊಂಡು, ಕೈ ಕಟ್ಟಿ, ತಡವರಿಸದೆ.

ಶಾಲೆಯ ಕೊನೆಯ ಪಿರಿಯಡ್ ಮಗ್ಗಿಗೆ ಮೀಸಲು. ಕ್ಲಾಸಿನ ಲೀಡರ್ ಮುಂದೆ ನಿಂತು "ಎರಡೊಂದ್ಲ ಎರಡು" ಎನ್ನುತ್ತಿದ್ದ. ನಾವು ನಲ್ವತ್ತು ಮಕ್ಕಳು ಅದನ್ನೇ ಹೇಳುತ್ತಿದ್ದೆವು. "ಎರಡೆರಡ್ಲ ನಾಲ್ಕು." ಹಂಚಿನ ಮಾಡು ಹಾರಿಹೋಗುವಷ್ಟು ದೊಡ್ಡ ಸ್ವರ. ಆ ರಾಗದಲ್ಲಿ ನಿಜವಾಗಿಯೂ ಒಂದು ಖುಷಿ ಇತ್ತು. ಗುಂಪಿನಲ್ಲಿ ಹೇಳುವಾಗ ಬಾರದವನೂ ಬಾಯಿ ಆಡಿಸಿ ಬಚಾವಾಗುತ್ತಿದ್ದ.

ಒಬ್ಬೊಬ್ಬರನ್ನು ಎಬ್ಬಿಸುವಾಗ ಮಾತ್ರ ಕಥೆ ಬೇರೆ. ನನಗೆ ಏಳರ ಮಗ್ಗಿ ಎಂದರೆ ಇಂದಿಗೂ ಅಂಗೈ ಬಿಸಿಯಾದ ಹಾಗಾಗುತ್ತದೆ. ಮನೆಯಲ್ಲಿ ಹೇಳುವಾಗ ಸರಿ ಬರುತ್ತಿತ್ತು. ಬೆತ್ತ ಕಂಡ ಕೂಡಲೇ ಏಳಾರ್ಲ ನಲ್ವತ್ತೆರಡರ ಆಚೆ ಎಲ್ಲ ಮಾಯ. ತಪ್ಪಿದರೆ ಒಂದು ಪೆಟ್ಟು, ಅಳುತ್ತಾ ಹೇಳುವಾಗ ಮತ್ತೆ ತಪ್ಪಿದರೆ ಇನ್ನೊಂದು. ಹೆದರಿಕೆ ಹೊಕ್ಕ ತಲೆಯಲ್ಲಿ ನೆನಪಿಗೆ ಜಾಗ ಇರುವುದಿಲ್ಲ ಎಂದು ಆಗ ಯಾರೂ ಹೇಳಲಿಲ್ಲ.

ನನ್ನ ಪಕ್ಕದಲ್ಲಿ ಕೂರುತ್ತಿದ್ದ ಒಬ್ಬ ಹುಡುಗ ಇದ್ದ. ಗಾಳ ಹಾಕಿ ಮೀನು ಹಿಡಿಯುವುದರಲ್ಲಿ, ಮರ ಹತ್ತುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಎಂಟರ ಮಗ್ಗಿ ಬಾರದ್ದಕ್ಕೆ ಒಂದು ವಾರ ದಿನಾ ಪೆಟ್ಟು ತಿಂದ. ಮುಂದಿನ ಸೋಮವಾರ ಬರಲಿಲ್ಲ. ಆಮೇಲೂ ಬರಲಿಲ್ಲ. ಅವನನ್ನು ಹುಡುಕಿಕೊಂಡು ಯಾರೂ ಹೋಗಲಿಲ್ಲ. ಕೆಲವು ವರ್ಷದಲ್ಲಿ ಬೊಂಬಾಯಿಯ ಹೊಟೇಲಿಗೆ ಹೋದ ಎಂದು ಕೇಳಿದೆ.

"ಬೆತ್ತದಿಂದಲೇ ನಾವು ಕಲಿತದ್ದು" ಎಂದು ಹೆಮ್ಮೆಯಿಂದ ಹೇಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರೆಲ್ಲ ಕಲಿತವರು, ಆದ್ದರಿಂದ ಹೇಳಲು ಉಳಿದವರು. ಬೆತ್ತಕ್ಕೆ ಹೆದರಿ ಶಾಲೆಯ ದಾರಿಯನ್ನೇ ಬಿಟ್ಟವರು ಯಾವ ಹಳೆವಿದ್ಯಾರ್ಥಿ ಸಂಘದ ಸಭೆಗೂ ಬರುವುದಿಲ್ಲ. ನಮ್ಮ ಸಮುದಾಯದಲ್ಲಿ ಅಂಥವರು ಎಷ್ಟು ಮಂದಿ ಎಂದು ನಮ್ಮ ನಮ್ಮ ಮನೆಯಲ್ಲೇ ಎಣಿಸಿ ನೋಡಿದರೆ ಸಾಕು.

ಈಗ ಕಾನೂನು ಬದಲಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನೂ, ಮನಸ್ಸಿಗೆ ನೋವಾಗುವಂತೆ ಹಿಂಸಿಸುವುದನ್ನೂ ನಿಷೇಧಿಸುತ್ತದೆ. ಇದು ಮಕ್ಕಳಿಗೆ ಆದ ದೊಡ್ಡ ಉಪಕಾರ.

ಶಾಲೆ ಬಿಟ್ಟವರ ಲೆಕ್ಕ

ಹಾಗಾದರೆ ಮೂರನೇ ತರಗತಿಗೆ ಶಾಲೆ ಬಿಟ್ಟ ಉಮ್ಮನಿಗೆ ಲೆಕ್ಕ ಕಲಿಸಿದ್ದು ಯಾರು? ಬೀಡಿ.

ನಮ್ಮ ಮನೆಗಳ ಎಷ್ಟೋ ಹೆಣ್ಣು ಮಕ್ಕಳು ಪಾಟಿಚೀಲ ಕೆಳಗಿಟ್ಟು ಗೆರಸೆ ಕೈಗೆತ್ತಿಕೊಂಡವರು. 25 ಬೀಡಿಗೆ ಒಂದು ಕಟ್ಟು. 40 ಕಟ್ಟಿಗೆ ಸಾವಿರ. ಇಷ್ಟು ಎಲೆಗೆ, ಇಷ್ಟು ಹೊಗೆಸೊಪ್ಪಿಗೆ ಇಷ್ಟು ಬೀಡಿ ಆಗಲೇಬೇಕು. ಕಡಿಮೆಯಾದರೆ ಕೈಯಿಂದ ಹಣ ಹೋಗುತ್ತದೆ. ಚೆಕ್ಕಿಂಗಿನಲ್ಲಿ ಇಷ್ಟು ಬೀಡಿ ತೆಗೆದು ಹಾಕಿದರೆ ಉಳಿದದ್ದು ಎಷ್ಟು, ಸಾವಿರಕ್ಕೆ ಇಷ್ಟು ಮಜೂರಿಯಾದರೆ ಈ ವಾರ ಸಿಗುವುದು ಎಷ್ಟು, ಅದರಲ್ಲಿ ಅಂಗಡಿಯ ಸಾಲಕ್ಕೆ ಎಷ್ಟು. ಇದೆಲ್ಲ ಕೈ ಕೆಲಸ ಮಾಡುತ್ತಿರುವಾಗಲೇ ತಲೆಯಲ್ಲಿ ನಡೆಯುವ ಲೆಕ್ಕ.

ನಾನು ಚಿಕ್ಕವನಿದ್ದಾಗ ಉಮ್ಮನ ಜೊತೆ ಬ್ರಾಂಚಿಗೆ ಹೋದ ಒಂದು ದಿನ ನೆನಪಿದೆ. ಆ ವಾರ ದಿನಕ್ಕೆ 32 ಕಟ್ಟಿನಂತೆ ಆರು ದಿನ ಕೊಟ್ಟಿದ್ದರು. ಪುಸ್ತಕದಲ್ಲಿ ಬರೆದದ್ದು 4,300 ಬೀಡಿ. ಉಮ್ಮನಿಗೆ ಕನ್ನಡ ಓದಲು ತಡವರಿಕೆ, ಅಂಕಿ ಮಾತ್ರ ಚೆನ್ನಾಗಿ ಗೊತ್ತು. ಪುಸ್ತಕ ತಿರುಗಿಸಿ ಕೊಟ್ಟು ಮೆತ್ತಗೆ ಹೇಳಿದರು, "ನೂರಾ ತೊಂಬತ್ತೆರಡು ಕಟ್ಟು ಉಂಟು. ನೂರಾ ಅರುವತ್ತು ಕಟ್ಟಿಗೇ ನಾಲ್ಕು ಸಾವಿರ ಆಯಿತು. ಉಳಿದ ಮೂವತ್ತೆರಡು ಕಟ್ಟಿಗೆ ಎಂಟುನೂರು. ನಿಮ್ಮ ಲೆಕ್ಕದಲ್ಲಿ ಇಪ್ಪತ್ತು ಕಟ್ಟು ಕಡಿಮೆ ಬಿತ್ತು." ಬರೆದವರು ಕಾಗದದ ಮೇಲೆ ಗುಣಿಸಿ ನೋಡಿದರು. 4,800 ಎಂದು ತಿದ್ದಿದರು. ದಾರಿಯಲ್ಲಿ ಬರುವಾಗ ನಾನು ಉಮ್ಮನ ಸೆರಗು ಹಿಡಿದುಕೊಂಡು ನಡೆದದ್ದು ಸ್ವಲ್ಪ ಜಂಬದಿಂದಲೇ.

ಉಮ್ಮ ಮಾಡಿದ್ದೇನು ಎಂದು ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ. 192ನ್ನು 160 ಮತ್ತು 32 ಎಂದು ಒಡೆದರು. ಎರಡನ್ನೂ ಬೇರೆ ಬೇರೆ ಗುಣಿಸಿ ಕೂಡಿಸಿದರು. ದೊಡ್ಡ ಸಂಖ್ಯೆಯನ್ನು ಸುಲಭದ ತುಂಡು ಮಾಡಿ ಗುಣಿಸುವ ಈ ಉಪಾಯವನ್ನೇ ಇಂದಿನ ಗಣಿತ ಪುಸ್ತಕಗಳು ಚಿತ್ರ ಹಾಕಿ ಕಲಿಸುತ್ತವೆ.

ಉಮ್ಮ ಒಬ್ಬರೇ ಅಲ್ಲ. ನೂರಕ್ಕೊಂದು ತೆಂಗಿನಕಾಯಿ ಬದಿಗಿಟ್ಟು ಸಾವಿರಾರು ಕಾಯಿಯ ಲೆಕ್ಕ ಹಿಡಿಯುವ ವ್ಯಾಪಾರಿ ಕಾಕ, ಭತ್ತ ಅಳೆಯುವಾಗ ಒಂದು ಎನ್ನುವ ಬದಲು "ಲಾಭ" ಎಂದು ಶುರು ಮಾಡುತ್ತಿದ್ದ ಹಿರಿಯರು, ಬುಟ್ಟಿ ಬಂಗುಡೆಯ ಮೇಲೆ ಒಮ್ಮೆ ಕಣ್ಣು ಹಾಯಿಸಿ ತಲಾ ಎಷ್ಟು ಬೀಳುತ್ತದೆ ಎಂದು ಹೇಳುವ ಮೀನಿನವರು. ಇವರಲ್ಲಿ ಹೆಚ್ಚಿನವರು "ನನಗೆ ಓದು ಬರುವುದಿಲ್ಲ" ಎಂದೇ ತಮ್ಮನ್ನು ಪರಿಚಯಿಸಿಕೊಳ್ಳುತ್ತಾರೆ. ತಮಗೆ ಬರುವುದು ಗಣಿತ ಎಂದು ಅವರಿಗೆ ಯಾರೂ ಹೇಳಲಿಲ್ಲ. ಅವರ ಮಕ್ಕಳಿಗೂ ಹೇಳಲಿಲ್ಲ.

ನಲಿ-ಕಲಿಯ ಕಾಲ

ಇಂದಿನ ಸರಕಾರಿ ಶಾಲೆಗೆ ಹೋಗಿ ನೋಡಿದವರಿಗೆ ಗೊತ್ತು, ಒಂದರಿಂದ ಮೂರನೇ ತರಗತಿಯವರೆಗೆ ಹಳೆಯ ಬೆಂಚು, ಹಳೆಯ ರಾಗ ಇಲ್ಲ. ಮಕ್ಕಳು ಗುಂಪು ಗುಂಪಾಗಿ ಕೂತು ಕಾರ್ಡು ಹಿಡಿದು ಕಲಿಯುತ್ತಾರೆ. ಇದು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದದ್ದು, 2009-10ರಲ್ಲಿ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಬಂತು. ಒಂದು ಮೆಟ್ಟಿಲು ಹತ್ತಿದ ಮೇಲೆ ಮುಂದಿನ ಮೆಟ್ಟಿಲು, ಪ್ರತಿ ಮಗು ಅದರದೇ ವೇಗದಲ್ಲಿ.

ಇಲ್ಲಿ ಗುಣಾಕಾರ ಶುರುವಾಗುವುದು ಬಾಯಿಪಾಠದಿಂದ ಅಲ್ಲ. ಹುಣಸೆ ಬೀಜವನ್ನೋ, ಮಣಿಯನ್ನೋ ನಾಲ್ಕರಂತೆ ಮೂರು ಸಾಲು ಇಡುತ್ತಾರೆ. ನಾಲ್ಕು, ನಾಲ್ಕು, ನಾಲ್ಕು. ಒಟ್ಟು ಹನ್ನೆರಡು. ಈಚೆ ಕಡೆಯಿಂದ ನೋಡಿದರೆ ಅದೇ ಬೀಜ ಮೂರರಂತೆ ನಾಲ್ಕು ಸಾಲು. ಮೂರ್ನಾಲ್ಕ್ಲ ಹನ್ನೆರಡು ಎನ್ನುವುದು ಮಗುವಿನ ಕಣ್ಣಿಗೆ ಕಾಣುತ್ತದೆ. ನಾವು ಈ ಮಗ್ಗಿಯನ್ನು ವರ್ಷಗಟ್ಟಲೆ ಹೇಳಿದೆವು, ಒಂದು ದಿನವೂ ಅದನ್ನು ಕಣ್ಣಿನಿಂದ ನೋಡಲಿಲ್ಲ.

ಶಾಲೆಗಳಲ್ಲಿ ಮೆಟ್ರಿಕ್ ಮೇಳವೂ ನಡೆಯುತ್ತದೆ. ಮಕ್ಕಳು ಮನೆಯಿಂದ ಬಸಳೆ, ನುಗ್ಗೆ, ಗೆಣಸು, ನಿಂಬೆಹಣ್ಣು ತಂದು ಅಂಗಳದಲ್ಲಿ ಸಂತೆ ಇಡುತ್ತಾರೆ. ಊರಿನವರು ಕೊಳ್ಳುತ್ತಾರೆ. ಅರ್ಧ ಕಿಲೋಗೆ ಎಷ್ಟು, ಐವತ್ತರ ನೋಟಿಗೆ ಚಿಲ್ಲರೆ ಎಷ್ಟು ಎಂದು ಮಕ್ಕಳೇ ಹೇಳಬೇಕು. ಅಜ್ಜನ ದಿನಸಿ ಅಂಗಡಿಯ ಪಾಠವೇ ಇದು, ಬೆತ್ತ ಮಾತ್ರ ಇಲ್ಲ.

ಇಷ್ಟೆಲ್ಲ ಇದ್ದೂ ಕೊರತೆ ಎಲ್ಲಿದೆ? ಒಂದೇ ಕೋಣೆಯಲ್ಲಿ ಮೂರು ತರಗತಿ, ಒಬ್ಬರೇ ಟೀಚರ್, ಅವರಿಗೆ ನೂರೆಂಟು ಬೇರೆ ಕೆಲಸ. ಬೀಜ ಜೋಡಿಸಿ ಅರ್ಥವಾದದ್ದು ನಾಲಗೆಯ ತುದಿಗೆ ಬರಬೇಕಾದರೆ ದಿನಾ ಹೇಳಬೇಕು, ಯಾರಾದರೂ ಕೇಳಬೇಕು. ಆ ಅಭ್ಯಾಸಕ್ಕೆ ಶಾಲೆಯಲ್ಲಿ ಸಮಯ ಸಿಗುವುದಿಲ್ಲ. ಸಾಲದ್ದಕ್ಕೆ ಕೊರೋನ ಬಂದು ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದವು. ಮಕ್ಕಳು ಬಿಟ್ಟುಹೋದದ್ದನ್ನು ತುಂಬಿಸಲು 2022-23ರಲ್ಲಿ ಸರಕಾರ ಇಡೀ ವರ್ಷ ಕಲಿಕಾ ಚೇತರಿಕೆ ಕಾರ್ಯಕ್ರಮ ನಡೆಸಬೇಕಾಯಿತು.

ಕೆಲವು ಖಾಸಗಿ ಶಾಲೆಗಳಲ್ಲಿ ಇದಕ್ಕೆ ತದ್ವಿರುದ್ಧ. ಅಕ್ಷರ ಬರೆಯಲು ಕೈ ಕೂಡಿಬಾರದ ಮಗುವಿಗೆ ಹನ್ನೆರಡರ ಮಗ್ಗಿ. ಡೈರಿಯಲ್ಲಿ ಸೂಚನೆ, ಮನೆಗೆ ಬಂದು ಟ್ಯೂಷನ್, ಟ್ಯೂಷನ್ ಮುಗಿದರೆ ಮೊಬೈಲ್ ಆ್ಯಪ್. ಹೇಳುವ ಯಂತ್ರ ಬೇಕಾದಷ್ಟಿದೆ, ಮಗು ಹೇಳಿದ್ದನ್ನು ಕೇಳುವ ಮನುಷ್ಯ ಇಲ್ಲ.

ಎರಡು ದಾರಿಯ ಫಲವೂ ಒಂದೇ ಕಡೆ ಬಂದು ನಿಂತಿದೆ. ದೇಶದ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಮಕ್ಕಳ ಕಲಿಕೆ ನೋಡುವ ಅಸರ್ ಸಮೀಕ್ಷೆ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ ಕೊಡುತ್ತದೆ. 2022ರಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಅದನ್ನು ಮಾಡಿದವರು ಹೆಚ್ಚು ಕಡಿಮೆ ನಾಲ್ಕರಲ್ಲಿ ಒಬ್ಬರು. ಭಾಗಾಕಾರದ ದಾರಿ ತಿಳಿದಿದ್ದರೂ ನಡುವೆ "ಏಳೆಂಟ್ಲ ಎಷ್ಟು" ಎಂದು ಬೆರಳು ಮಡಚುತ್ತಾ ಕೂತರೆ ಎಲ್ಲಿದ್ದೆ ಎನ್ನುವುದೇ ಮರೆತುಹೋಗುತ್ತದೆ. ಮಗ್ಗಿ ಬಾಯಲ್ಲಿ ಇರಬೇಕಾದದ್ದು ಅದಕ್ಕೆ. ತಲೆಯ ಭಾರ ಇಳಿಸಲು.

ಐದು ಭಾಷೆಯ ಮಗು

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕು ಇದೆ, ಅದನ್ನು ಬೇರೆಯವರು ಕಾಣಲಾರರು. ಮನೆಯಲ್ಲಿ ಬ್ಯಾರಿ. ಮದ್ರಸದಲ್ಲಿ ಅರಬಿ, ಹಿಂದಿನವರಿಗೆ ಅರಬಿ-ಮಲಯಾಳ. ಪೇಟೆಯಲ್ಲಿ ತುಳು. ಶಾಲೆಯಲ್ಲಿ ಕನ್ನಡ, ಈಗ ಇಂಗ್ಲಿಷ್. ಎಂಟಕ್ಕೆ ಬ್ಯಾರಿಯಲ್ಲಿ ಎಟ್ಟ್, ತುಳುವಿನಲ್ಲಿ ಎಣ್ಮ, ಕನ್ನಡದಲ್ಲಿ ಎಂಟು, ಇಂಗ್ಲಿಷಿನಲ್ಲಿ ಏಯ್ಟ್.

ನಮ್ಮ ಪೀಳಿಗೆ ಕನ್ನಡದಲ್ಲಿ ಮಗ್ಗಿ ಕಲಿತು, ತುಳುವಿನಲ್ಲಿ ವ್ಯಾಪಾರ ಮಾಡಿ, ಬ್ಯಾರಿಯಲ್ಲಿ ಮನೆಯ ಖರ್ಚು ಲೆಕ್ಕ ಹಾಕಿತು. ಅಷ್ಟು ಭಾಷೆ ಇದ್ದದ್ದು ತೊಂದರೆ ಆಗಲಿಲ್ಲ. ಯಾಕೆಂದರೆ ಎಲ್ಲ ಭಾಷೆಯೂ ಕಿವಿಗೆ ಬೀಳುತ್ತಿತ್ತು. ಬ್ಯಾರಿ, ತುಳು ಎರಡರಲ್ಲೂ ಹತ್ತಕ್ಕೆ ಪತ್ತ್. ಕನ್ನಡದ ಐವತ್ತಾರು ಎಂದರೆ ಐವತ್ತರ ಮೇಲೆ ಆರು, ಹೆಸರಿನಲ್ಲೇ ಲೆಕ್ಕ ಇದೆ.

ಈಗ ಮಗು ಇಂಗ್ಲಿಷ್ ಶಾಲೆಗೆ ಹೋಗುತ್ತದೆ. 2019-20ರಿಂದ ಸರಕಾರವೂ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದಿದೆ. ಹೆತ್ತವರ ಆಸೆಯನ್ನು ತಪ್ಪೆನ್ನಲು ಆಗುವುದಿಲ್ಲ. ಆದರೆ ಆ ದಿನದಿಂದ ಮನೆಯ ತಾಯಿ ಲೆಕ್ಕದಿಂದ ಹೊರಗೆ ನಿಲ್ಲುತ್ತಾಳೆ. "ನನಗೆ ಇಂಗ್ಲಿಷ್ ಬರುವುದಿಲ್ಲ, ನಾನೆಂತ ಹೇಳಿಕೊಡುವುದು?" ಎಂದು ಮೊಬೈಲ್ ಕೈಗೆ ಕೊಡುತ್ತಾಳೆ. ಮಗುವೂ ಅದನ್ನೇ ನಂಬುತ್ತದೆ, ಉಮ್ಮನಿಗೆ ಏನೂ ಗೊತ್ತಿಲ್ಲ ಎಂದು. ನನ್ನ ತಂಗಿಯ ಮಗ ಕೇಳಿದ ಪ್ರಶ್ನೆಯ ಹಿಂದೆ ಇದ್ದದ್ದು ಇದೇ. ಮಗ್ಗಿ ಮರೆತರೆ ಇನ್ನೊಮ್ಮೆ ಕಲಿಯಬಹುದು. ಮನೆಯವರ ಮೇಲಿನ ಈ ಸಸಾರ ಒಮ್ಮೆ ಬೇರುಬಿಟ್ಟರೆ ತೆಗೆಯುವುದು ಕಷ್ಟ.

ನೂರಲ್ಲ, ಹದಿನೈದು

ಮನೆಯಲ್ಲಿ ಏನು ಮಾಡಬಹುದು? ಮೊದಲು ಮಗುವಿನ ಹೆದರಿಕೆ ಕಡಿಮೆ ಮಾಡಬಹುದು. ಒಂದರಿಂದ ಹತ್ತರವರೆಗೆ ಮಗ್ಗಿಯಲ್ಲಿ ಇರುವುದು 100 ಲೆಕ್ಕ. ಒಂದರ ಮಗ್ಗಿ, ಹತ್ತರ ಮಗ್ಗಿ ಕಲಿಯಬೇಕಾಗಿಯೇ ಇಲ್ಲ. ಅವನ್ನು ಬಿಟ್ಟರೆ 64. ಆರೇಳ್ಲ ಎಷ್ಟೋ ಏಳಾರ್ಲವೂ ಅಷ್ಟೇ ಎಂದು ತಿಳಿದರೆ 36. ಎರಡರದ್ದು ಮತ್ತು ಐದರದ್ದು ಎಲ್ಲ ಮಕ್ಕಳಿಗೂ ಬೇಗ ಬರುತ್ತದೆ. ಅವನ್ನು ಕಳೆದರೆ 21.

ಒಂಬತ್ತರದ್ದಕ್ಕೆ ಬೆರಳು ಸಾಕು. ಎರಡೂ ಕೈ ಮುಂದೆ ಚಾಚಿ, ಒಂಬತ್ನಾಲ್ಕ್ಲ ಬೇಕಾದರೆ ಎಡದಿಂದ ನಾಲ್ಕನೇ ಬೆರಳು ಮಡಚಿ. ಅದರ ಎಡಕ್ಕೆ ಮೂರು, ಬಲಕ್ಕೆ ಆರು. ಉತ್ತರ 36. ಒಂಬತ್ತೂ ಹೋದರೆ ನಿಜವಾಗಿ ಬಾಯಿಪಾಠ ಮಾಡಬೇಕಾದದ್ದು 15 ಮಾತ್ರ. ಮೂರು, ನಾಲ್ಕು, ಆರು, ಏಳು, ಎಂಟು ಇವುಗಳ ಒಳಗಿನದ್ದು. ದಿನಕ್ಕೊಂದು ಹಿಡಿದರೂ ಅರ್ಧ ತಿಂಗಳು.

ಏಳೆಂಟ್ಲಕ್ಕೂ ಹಳೆಯ ಬೆರಳಿನ ಉಪಾಯ ಉಂಟು. ಏಳು ಎಂದರೆ ಐದಕ್ಕಿಂತ ಎರಡು ಹೆಚ್ಚು, ಒಂದು ಕೈಯಲ್ಲಿ ಎರಡು ಬೆರಳು ಎತ್ತಿ. ಎಂಟು ಎಂದರೆ ಮೂರು ಹೆಚ್ಚು, ಇನ್ನೊಂದು ಕೈಯಲ್ಲಿ ಮೂರು ಎತ್ತಿ. ಎತ್ತಿದ ಬೆರಳು ಐದು, ಅಂದರೆ ಐವತ್ತು. ಮಡಚಿದ ಬೆರಳು ಒಂದು ಕೈಯಲ್ಲಿ ಮೂರು, ಇನ್ನೊಂದರಲ್ಲಿ ಎರಡು. ಮೂರೆರಡ್ಲ ಆರು. ಒಟ್ಟು ಐವತ್ತಾರು. ಆರರಿಂದ ಹತ್ತರವರೆಗೆ ಎಲ್ಲದಕ್ಕೂ ಇದು ನಡೆಯುತ್ತದೆ. ಇಂದು ರಾತ್ರಿಯೇ ಮಕ್ಕಳ ಜೊತೆ ಮಾಡಿ ನೋಡಿ.

ಎರಡನೆಯದು, ಮಗ್ರಿಬ್ ಕಳೆದ ಮೇಲೆ ಹತ್ತು ನಿಮಿಷ ಮಗುವನ್ನು ಹತ್ತಿರ ಕೂರಿಸಿ ಕೇಳಿ. ಹೇಳಿಕೊಡಬೇಕೆಂದಿಲ್ಲ, ಕೇಳಿದರೆ ಸಾಕು. ಸಾಲಾಗಿ ಹೇಳಿಸಿದ ಮೇಲೆ ನಡುನಡುವಿನಿಂದ ಕೇಳಿ. ತಪ್ಪಿದರೆ ಬೈಯಬೇಡಿ, "ಅದರ ಹಿಂದಿನದ್ದು ಎಷ್ಟು?" ಎಂದು ದಾರಿ ತೋರಿಸಿ. ಮಗು ಇಂಗ್ಲಿಷಿನಲ್ಲಿ ಹೇಳಲಿ, ನೀವು ಬ್ಯಾರಿಯಲ್ಲಿ, ಕನ್ನಡದಲ್ಲಿ ಹೇಳಿ. ಐವತ್ತಾರೂ ಫಿಫ್ಟಿ ಸಿಕ್ಸೂ ಒಂದೇ ಎಂದು ಕಿವಿಗೆ ಬೀಳಲಿ. ಮೊಟ್ಟೆಯ ಟ್ರೇ ತಂದಾಗ ಐದರಂತೆ ಆರು ಸಾಲು ಎಷ್ಟು ಎಂದು ಕೇಳಿ. ಅಂಗಡಿಗೆ ಕಳಿಸುವಾಗ ಚಿಲ್ಲರೆ ಎಷ್ಟು ಬರಬೇಕು ಎಂದು ಮೊದಲೇ ಹೇಳಿಸಿ.

ಮೂರನೆಯದು ಜಮಾಅತಿನ ಹಿರಿಯರಿಗೆ, ಯುವಕರ ಸಂಘಗಳಿಗೆ. ನಾವು ಎಸೆಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ. ಅದು ಒಳ್ಳೆಯದೇ. ಆದರೆ ಲೆಕ್ಕದಲ್ಲಿ ಸೋಲುವವನು ಸೋಲಲು ಶುರು ಮಾಡುವುದು ಮೂರನೇ, ನಾಲ್ಕನೇ ತರಗತಿಯಲ್ಲಿ. ವಾರಕ್ಕೆ ಎರಡು ಸಂಜೆ ಸಣ್ಣ ಮಕ್ಕಳನ್ನು ಒಟ್ಟು ಸೇರಿಸಿ, ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಮಗ್ಗಿ ಕೇಳಿದರೆ ಅದಕ್ಕೆ ಖರ್ಚೇನೂ ಇಲ್ಲ.

ಲೆಕ್ಕ ನಮಗೆ ಹೊರಗಿನದ್ದಲ್ಲ. ಝಕಾತ್ ಎಂದರೆ ನಲ್ವತ್ತರಲ್ಲಿ ಒಂದು ಪಾಲು. ಆಸ್ತಿ ಹಂಚುವ ಫರಾಯಿಝ್ ಎಂದರೆ ಅರ್ಧ, ಕಾಲು, ಎಂಟನೇ ಒಂದು, ಮೂರನೇ ಎರಡು, ಮೂರನೇ ಒಂದು, ಆರನೇ ಒಂದು. ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಬೀಜಗಣಿತದ ಪುಸ್ತಕ ಬರೆದ ಅಲ್ ಖ್ವಾರಿಝ್ಮಿ ಅದರಲ್ಲಿ ಒಂದು ದೊಡ್ಡ ಭಾಗವನ್ನೇ ಆಸ್ತಿ ಪಾಲಿನ ಲೆಕ್ಕಕ್ಕೆ ಇಟ್ಟಿದ್ದರು. ಹೆಣ್ಣು ಮಗಳಿಗೆ ಬರಬೇಕಾದ ಪಾಲು ಎಷ್ಟೆಂದು ಆಕೆಗೇ ಲೆಕ್ಕ ಹಾಕಲು ಬಂದರೆ ಎಷ್ಟೋ ಮನೆಯ ಜಗಳ ಅಲ್ಲೇ ಮುಗಿದೀತು.

ಹುಡುಗನ ಕಥೆಗೆ ಬರುತ್ತೇನೆ. ಮರುವಾರ ಹೋದಾಗ ಅವನು ಮೊಬೈಲ್ ಬದಿಗಿಟ್ಟು ಉಮ್ಮನ ಪಕ್ಕದಲ್ಲಿ ಕೂತಿದ್ದ. ಕಟ್ಟಿದ ಕಟ್ಟುಗಳನ್ನು ಹತ್ತರಂತೆ ನಾಲ್ಕು ಸಾಲು ಜೋಡಿಸಿ, "ಟ್ವೆಂಟಿ ಫೈವ್ ಫೋರ್ಟೀಸ್ ಆರ್ ಥೌಸಂಡ್" ಎಂದು ನನಗೆ ಪಾಠ ಹೇಳಿದ.

"ಇದರಲ್ಲಿ ಝಕಾತ್ ಎಷ್ಟು, ಕೇಳು ಅವನ ಹತ್ತಿರ" ಎಂದರು ಉಮ್ಮ.

ಹುಡುಗ ಒಂದು ಕಟ್ಟು ಎತ್ತಿ ಬದಿಗಿಟ್ಟ. "ಇಷ್ಟು. ನಲ್ವತ್ತರಲ್ಲಿ ಒಂದು. ಸಾವಿರ ರೂಪಾಯಿಗಾದರೆ ಇಪ್ಪತ್ತೈದು."

ಉಮ್ಮ ಆ ಕಟ್ಟನ್ನು ಅವನ ಕೈಯಿಂದ ತೆಗೆದುಕೊಂಡು ವಾಪಸ್ ಸಾಲಿನಲ್ಲಿ ಇಟ್ಟರು. ನಾಳೆ ಬ್ರಾಂಚಿಗೆ ಲೆಕ್ಕ ಸರಿ ಕೊಡಬೇಕಲ್ಲ.